ಶಾಲೆಯ ಹಾಲು ನೀರಾದರೆ ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ನನ್ನ ಇಬ್ಬರು ಮಕ್ಕಳೂ ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಮಗ ಆರನೇ ಕ್ಲಾಸು, ಮಗಳು ಎರಡನೇ ಕ್ಲಾಸು. ಈ ವರ್ಷ ನನ್ನನ್ನು ಶಾಲೆಯ ಅಭಿವೃದ್ಧಿ, ಉಸ್ತುವಾರಿ ನೋಡಿಕೊಳ್ಳುವ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಸೇರಿಸಿಕೊಂಡಿದ್ದಾರೆ. ಶಾಲೆಯ ಹಾಲು ನೀರು ನೀರಾಗಿರುತ್ತದೆ ಅಂತ ಮಗ ಹೇಳುತ್ತಲೇ ಇದ್ದ. ಒಂದು ದಿನ ಹೋಗಿ ನೋಡಿದೆ. 92 ಮಕ್ಕಳಿಗೆ ಒಂದೇ ಒಂದು ಕೇಜಿ ಪುಡಿ ಹಾಕಿದರು. ಕಳೆದ ತಿಂಗಳು ಎಂಟು ದಿನ ಹಾಲೇ ಇರಲಿಲ್ಲ. ಕೇಳಿದರೆ, "ಬಂದಷ್ಟು ಕೊಡ್ತೀವಿ, ಹಾಲು ಕೊಡಲೇಬೇಕು ಅಂತ ಕಾನೂನೇನೂ ಇಲ್ಲ" ಅಂದರು. ಇದು ನಿಜವಾ? ಮಗಳಿಗೆ ಹಾಲು ಕುಡಿದರೆ ಹೊಟ್ಟೆನೋವು ಬರುತ್ತದೆ. ಎಲ್ಲರೂ ಕುಡಿಯಲೇಬೇಕು ಅಂತಾರಂತೆ. ಅದಕ್ಕೇನು ಮಾಡಲಿ?

ಉತ್ತರ: ನಿಮಗೆ ಸಿಕ್ಕ ಉತ್ತರದಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ನೀವು ಕೇಳುವ ಮೊದಲ ಪ್ರಶ್ನೆಗೇ ಬಾಯಿ ಮುಚ್ಚಿಸುತ್ತಾರೆ.

ಮಧ್ಯಾಹ್ನದ ಊಟ ಮಕ್ಕಳಿಗೆ ಕಾನೂನು ಕೊಟ್ಟ ಹಕ್ಕು. ಇದರ ಬೇರು 2001ರಲ್ಲಿದೆ. ಆ ವರ್ಷ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಿ ಅಂತ ರಾಜ್ಯಗಳಿಗೆ ಆದೇಶ ಮಾಡಿತು. ಅದಕ್ಕೂ ಮುಂಚೆ ಹೆಚ್ಚಿನ ಕಡೆ ಅಕ್ಕಿಯನ್ನೋ ಗೋಧಿಯನ್ನೋ ಹಾಗೇ ಅಳೆದು ಮನೆಗೆ ಕಳಿಸುತ್ತಿದ್ದರು. ಆಮೇಲೆ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದರ 5ನೇ ಕಲಂ, ಶಾಲೆಗೆ ರಜೆ ಇಲ್ಲದ ಪ್ರತಿ ದಿನ ಎಂಟನೇ ತರಗತಿವರೆಗಿನ ಮಕ್ಕಳಿಗೆ ಒಂದು ಹೊತ್ತಿನ ಊಟ ಉಚಿತವಾಗಿ ಸಿಗಬೇಕು ಅನ್ನುತ್ತದೆ. ಎಷ್ಟು ಊಟ ಅನ್ನುವುದನ್ನೂ ಬರೆದಿದ್ದಾರೆ. ಐದನೇ ತರಗತಿವರೆಗೆ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್. ಆರರಿಂದ ಎಂಟಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೊಟೀನ್. ಒಂಬತ್ತು, ಹತ್ತನೇ ತರಗತಿಯವರಿಗೆ ನಮ್ಮ ರಾಜ್ಯ ತನ್ನ ದುಡ್ಡಿನಲ್ಲಿ ಊಟ ಹಾಕುತ್ತಿದೆ.

ಆದರೆ ಮಗುವಿಗೆ ಇಷ್ಟು ಹಾಲು ಕೊಡಬೇಕು ಅನ್ನುವ ಅಳತೆ ಈ ಕಾಯ್ದೆಯ ಶಾಲಾ ಊಟದ ಲೆಕ್ಕದಲ್ಲಿ ಇಲ್ಲ. ಹಾಲು ಬಂದದ್ದು ಬೇರೆ ದಾರಿಯಲ್ಲಿ. ಕರ್ನಾಟಕ ಸರ್ಕಾರ 2013ರ ಆಗಸ್ಟ್ 1ರಂದು ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರು ಮಾಡಿತು. ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ವರ್ಷ ಸೆಪ್ಟೆಂಬರ್ 10ಕ್ಕೆ. ಅಂದರೆ ನಮ್ಮ ಮಕ್ಕಳ ಲೋಟಕ್ಕೆ ಹಾಲು ಮೊದಲು ಬಿತ್ತು, ಆ ಕಾಯ್ದೆ ಆಮೇಲೆ ಬಂತು. ಮೊದಲು ವಾರಕ್ಕೆ ಮೂರು ದಿನ ಇತ್ತು. 2017ರಲ್ಲಿ ಐದು ದಿನ ಮಾಡಿದರು. 2024ರಿಂದ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸುವುದೂ ಸೇರಿದೆ.

ಇದೆಲ್ಲ ನಡೆಯುವುದು ಸರ್ಕಾರದ ಆದೇಶದ ಮೇಲೆ. ಹಾಗಂತ "ಕಾನೂನೇನೂ ಇಲ್ಲ" ಅನ್ನುವುದು ತಪ್ಪು. ಅದೇ ಆಹಾರ ಭದ್ರತಾ ಕಾಯ್ದೆಯ 32ನೇ ಕಲಂ ನೋಡಿ. ಕಾಯ್ದೆ ಹೇಳಿದ್ದಕ್ಕಿಂತ ಜಾಸ್ತಿ ಕೊಡುವ ಯೋಜನೆಗಳನ್ನು ರಾಜ್ಯಗಳು ತಮ್ಮ ದುಡ್ಡಿನಲ್ಲಿ ನಡೆಸಬಹುದು ಅಂತ ಅಲ್ಲಿದೆ. ನಮ್ಮ ಹಾಲು ಕೂತಿರುವ ಜಾಗ ಅದು. ಸರ್ಕಾರ ಬೇಕೆಂದರೆ ನಾಳೆ ಆ ಯೋಜನೆಯನ್ನು ಬದಲಿಸಬಹುದು, ನಿಲ್ಲಿಸಲೂಬಹುದು. ಅಲ್ಲಿಯವರೆಗೆ ಅದು ಚಾಲ್ತಿಯಲ್ಲಿರುವ ಆದೇಶ. ಅದನ್ನು ಪಾಲಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ಅಧಿಕಾರ ಒಂದು ಶಾಲೆಗಾಗಲಿ, ತಾಲ್ಲೂಕು ಕಚೇರಿಗಾಗಲಿ ಇಲ್ಲ. "ಕೊಡಲೇಬೇಕು ಅಂತೇನಿಲ್ಲ" ಅಂತ ವಿಧಾನಸೌಧದಲ್ಲಿ ಹೇಳಬಹುದು. ನಿಮ್ಮೂರ ಶಾಲೆಯ ವರಾಂಡದಲ್ಲಿ ನಿಂತು ಹೇಳುವ ಹಾಗಿಲ್ಲ.

ಹಾಲನ್ನು ಕಾಯ್ದೆಯಲ್ಲೇ ಬರೆದಿದ್ದರೆ ಗಟ್ಟಿಯಾಗಿರುತ್ತಿತ್ತಲ್ವಾ ಅಂತ ನೀವು ಕೇಳಬಹುದು. ಬರೆದ ದೇಶಗಳಿವೆ. ಇಂಗ್ಲೆಂಡ್‌ನಲ್ಲಿ 1946ರಲ್ಲೇ ಶಾಲಾ ಹಾಲಿನ ಕಾಯ್ದೆ ಮಾಡಿ ಮಕ್ಕಳಿಗೆ ದಿನಕ್ಕೆ ಮೂರನೇ ಒಂದು ಪೈಂಟ್, ಅಂದರೆ ಸುಮಾರು 190 ಮಿಲಿಲೀಟರ್ ಹಾಲು ಕೊಟ್ಟರು. 1971ರಲ್ಲಿ ಮತ್ತೊಂದು ಕಾಯ್ದೆ ತಂದು ಏಳು ವರ್ಷ ದಾಟಿದವರಿಗೆ ನಿಲ್ಲಿಸಿದರು. ಆಗ ಶಿಕ್ಷಣ ಮಂತ್ರಿಯಾಗಿದ್ದವರು ಮಾರ್ಗರೆಟ್ ಥ್ಯಾಚರ್. ಅಮೆರಿಕದಲ್ಲಿ ಶಾಲಾ ಊಟದ ಜತೆ ಹಾಲು ಇಡಲೇಬೇಕು ಅಂತ ಕಾನೂನಿದೆ. ಎಂಥ ಹಾಲು ಅನ್ನುವುದರ ಮೇಲೆ ಅಲ್ಲಿ ಜಗಳ. 2012ರಿಂದ ಕೆನೆ ತೆಗೆದದ್ದು ಅಥವಾ ತೀರಾ ಕಡಿಮೆ ಕೊಬ್ಬಿನದು ಮಾತ್ರ ಕೊಡುತ್ತಿದ್ದರು. 2026ರ ಜನವರಿಯಲ್ಲಿ ಹೊಸ ಕಾಯ್ದೆ ಬಂದು ಕೆನೆ ಹಾಲಿಗೆ ಮತ್ತೆ ದಾರಿಯಾಯಿತು. ನಮ್ಮಲ್ಲಿ ಆ ಜಗಳ ಇನ್ನೂ ಹುಟ್ಟಿಲ್ಲ. ನಮ್ಮ ಹಳ್ಳಿಯ ಮಕ್ಕಳಿಗೆ ಕೆನೆ ಜಾಸ್ತಿಯಾಗಿ ತೊಂದರೆಯಾಯಿತು ಅಂತ ಯಾರೂ ನನಗೆ ಬರೆದಿಲ್ಲ. ಬರುವುದೆಲ್ಲ ನಿಮ್ಮಂಥ ಪತ್ರಗಳೇ. ಹಾಲು ತೆಳ್ಳಗಿದೆ, ಹಾಲು ಬಂದಿಲ್ಲ.

ಹಾಗಾಗಿ ತೆಳ್ಳಗಿರುವ ಹಾಲಿನ ವಿಷಯಕ್ಕೇ ಬರುತ್ತೇನೆ. ಇಲ್ಲಿ ನಿಮ್ಮ ಕೈಯಲ್ಲಿ ಗಟ್ಟಿಯಾದ ಅಳತೆಯೇ ಇದೆ.

ಕ್ಷೀರಭಾಗ್ಯದ ಲೆಕ್ಕ ಹೀಗಿದೆ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, 10 ಗ್ರಾಂ ಸಕ್ಕರೆ. ಅದರಿಂದ 150 ಮಿಲಿಲೀಟರ್ ಹಾಲು. ಈ 18 ಗ್ರಾಂ ಎಲ್ಲಿಂದ ಬಂತು ಅಂತ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕೆನೆಭರಿತ ಹಾಲಿನ ಪುಡಿ ಅಂತ ಕರೆಯಬೇಕಾದರೆ ಅದರಲ್ಲಿ ಕನಿಷ್ಠ ನೂರಕ್ಕೆ 26ರಷ್ಟು ಕೊಬ್ಬು ಇರಲೇಬೇಕು, ತೇವಾಂಶ ನೂರಕ್ಕೆ 5 ದಾಟಬಾರದು. ಇದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ, ದೇಶಕ್ಕೆಲ್ಲ ಒಂದೇ. ಆ ಲೆಕ್ಕದಲ್ಲಿ 18 ಗ್ರಾಂ ಪುಡಿಯಲ್ಲಿ ಸುಮಾರು 4.7 ಗ್ರಾಂ ಕೊಬ್ಬು ಇರುತ್ತದೆ. ಅದನ್ನು 150 ಮಿಲಿಲೀಟರ್ ಹಾಲು ಮಾಡಿದರೆ ನೂರಕ್ಕೆ ಮೂರರಷ್ಟು ಕೊಬ್ಬು. ಅಂಗಡಿಯಲ್ಲಿ ಟೋನ್ಡ್ ಹಾಲು ಅಂತ ತರುತ್ತೀರಲ್ಲ, ಅದಕ್ಕೆ ಕಾನೂನು ಹೇಳುವ ಕೊಬ್ಬೂ ಅಷ್ಟೇ, 3. ಕೊಬ್ಬು ಬಿಟ್ಟು ಉಳಿದ ಘನಾಂಶ ಕೂಡ ಟೋನ್ಡ್ ಹಾಲಿನ 8.5ಕ್ಕೆ ಹತ್ತಿರ ಬಂದು ನಿಲ್ಲುತ್ತದೆ. ಯಾರೋ ಸುಮ್ನೆ ಬಾಯಿಗೆ ಬಂದ ಅಂಕಿ ಬರೆದಿಲ್ಲ. ಪುಡಿಯನ್ನು ಮತ್ತೆ ನಿಜವಾದ ಹಾಲು ಮಾಡಲು ಎಷ್ಟು ಬೇಕೋ ಅಷ್ಟು ಲೆಕ್ಕ ಹಾಕಿ ಇಟ್ಟಿದ್ದಾರೆ.

ಈಗ ನಿಮ್ಮ ಶಾಲೆಗೆ ಬನ್ನಿ. 92 ಮಕ್ಕಳಿಗೆ 18 ಗ್ರಾಂನಂತೆ 1,656 ಗ್ರಾಂ ಪುಡಿ ಬೇಕು. ಹಾಲು 13.8 ಲೀಟರ್ ಆಗಬೇಕು. ಒಂದು ಕೇಜಿ ಪುಡಿ ಸಾಲುವುದು 55 ಮಕ್ಕಳಿಗೆ. ಅದನ್ನೇ 92 ಜನಕ್ಕೆ ಹಂಚಿದರೆ ಒಬ್ಬರಿಗೆ 11 ಗ್ರಾಂ ಕೂಡ ಸಿಗಲಿಲ್ಲ. ಲೋಟ ತುಂಬಿತ್ತು, ಬಣ್ಣ ಬೆಳ್ಳಗಿತ್ತು, ಸಕ್ಕರೆ ಇದ್ದದ್ದರಿಂದ ಸಿಹಿಯೂ ಇತ್ತು. ಆದರೆ ಕೊಬ್ಬು ನೂರಕ್ಕೆ ಎರಡಕ್ಕಿಂತ ಕೆಳಗೆ ಇಳಿದಿತ್ತು. ಪ್ರೊಟೀನ್ ಸುಮಾರು 4.7 ಗ್ರಾಂ ಸಿಗಬೇಕಿದ್ದ ಕಡೆ 2.8 ಗ್ರಾಂ. ಕ್ಯಾಲ್ಸಿಯಂ 160 ಮಿಲಿಗ್ರಾಂ ಆಸುಪಾಸು ಸಿಗಬೇಕಿತ್ತು, ಸಿಕ್ಕಿದ್ದು 100 ಮಿಲಿಗ್ರಾಂ. ಅನ್ನ ಸಾಂಬಾರಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಬೆಳೆಯುವ ಮಗುವಿನ ಮೂಳೆಗೆ ಅದು ಬೇಕೇ ಬೇಕು. ಮನೆಯಲ್ಲಿ ಹಾಲು ಕೊಳ್ಳಲಾಗದ ಮಗುವಿಗೆ ಈ ಒಂದು ಲೋಟದ ಬೆಲೆ ದೊಡ್ಡದು. ಅದಕ್ಕೇ ನನಗೆ ಈ ಏಳು ಗ್ರಾಂ ಚಿಕ್ಕ ವಿಷಯ ಅನ್ನಿಸುವುದಿಲ್ಲ.

ಇದಕ್ಕಿಂತ ತೀರಾ ಕೆಟ್ಟದ್ದೂ ನಡೆದಿದೆ. 2019ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯ ಒಂದು ಶಾಲೆಯಲ್ಲಿ ಒಂದು ಲೀಟರ್ ಹಾಲನ್ನು ದೊಡ್ಡ ಪಾತ್ರೆ ನೀರಿಗೆ ಸುರಿದು 81 ಮಕ್ಕಳಿಗೆ ಹಂಚಿದ್ದರು. ಒಂದು ಮಗುವಿಗೆ 12 ಮಿಲಿಲೀಟರ್ ಹಾಲು, ಅಂದರೆ ಎರಡೂವರೆ ಚಮಚ. ವಿಡಿಯೊ ಹೊರಬಂದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ವಿಡಿಯೊ ಇಲ್ಲದ ಎಷ್ಟೋ ಶಾಲೆಗಳಲ್ಲಿ ಯಾರಾದರೊಬ್ಬರು ತಕ್ಕಡಿ ಹಿಡಿದು ನಿಲ್ಲಬೇಕು. ನಿಮ್ಮೂರಲ್ಲಿ ಅದು ನೀವೇ.

ಆದರೆ ಒಂದು ಮಾತು. ತಪ್ಪು ಯಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಈ ಯೋಜನೆ ಹುಟ್ಟಿದಾಗ ಹಾಲು ಉತ್ಪಾದಕರ ಒಕ್ಕೂಟಗಳಿಗೆ ಬರುವ ಹಾಲು ಜಾಸ್ತಿಯಾಗಿ, ಮಾರಿ ಉಳಿದದ್ದನ್ನು ಪುಡಿ ಮಾಡಿ ಇಡುವ ಪರಿಸ್ಥಿತಿ ಇತ್ತು. ರೈತರ ಹಾಲಿಗೆ ದಾರಿಯಾಯಿತು, ಮಕ್ಕಳಿಗೂ ಹಾಲಾಯಿತು. ಒಳ್ಳೆಯ ಯೋಚನೆಯೇ. ಅದರ ಜತೆಗೆ ಒಂದು ತೊಡಕೂ ಅಂಟಿಕೊಂಡು ಬಂತು. ಬೇಸಿಗೆಯಲ್ಲಿ ಮೇವು ಕಡಿಮೆಯಾದಾಗ, ಹಸುಗಳಿಗೆ ರೋಗ ಬಂದಾಗ ಹಾಲಿನ ಸಂಗ್ರಹ ಇಳಿಯುತ್ತದೆ. ಆಗ ಪುಡಿಯೂ ಇಳಿಯುತ್ತದೆ. ಶಾಲೆಗೆ ಬರಬೇಕಾದ್ದು ತಡವಾಗುತ್ತದೆ. ಆಗ ಎಷ್ಟೋ ಹೆಡ್‌ಮಾಸ್ಟರುಗಳು ಇರುವ ಪುಡಿಯನ್ನು ಹೆಚ್ಚು ದಿನ ಎಳೆಯಲು ನೋಡುತ್ತಾರೆ. ಹಾಲು ಇಲ್ಲ ಅಂತ ಬರೆದರೆ ಮೇಲಿನಿಂದ ಪ್ರಶ್ನೆ ಬರುತ್ತದೆ. ತೆಳ್ಳಗೆ ಮಾಡಿದರೆ ಪುಸ್ತಕದಲ್ಲಿ ಎಲ್ಲ ದಿನವೂ "ಹಾಲು ಕೊಟ್ಟಿದೆ" ಅಂತ ಬರುತ್ತದೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅದು ತಪ್ಪು ದಾರಿ ಅಂತಲೇ ನನ್ನ ಖಚಿತ ಅಭಿಪ್ರಾಯ. ಮೂರು ದಿನ ಸರಿಯಾದ ಹಾಲು ಕೊಟ್ಟು, ಎರಡು ದಿನ "ಪುಡಿ ಇಲ್ಲ" ಅಂತ ನೇರವಾಗಿ ಬರೆದರೆ ಕೊರತೆ ಮೇಲಿನವರ ಕಣ್ಣಿಗೆ ಬೀಳುತ್ತದೆ. ಐದೂ ದಿನ ನೀರು ಮಾಡಿದರೆ ಕೊರತೆ ಮಕ್ಕಳ ಹೊಟ್ಟೆಯಲ್ಲೇ ಮುಚ್ಚಿಹೋಗುತ್ತದೆ.

ಇನ್ನು ಶಾಲೆಯ ಹಾಲಿನ ಪುಡಿ ಹೊರಗೆ ಮಾರಾಟವಾಗಿ ಸಿಕ್ಕಿಬಿದ್ದ ಪ್ರಕರಣಗಳೂ ನಮ್ಮ ರಾಜ್ಯದಲ್ಲಿ ವರದಿಯಾಗಿವೆ. ನಿಮ್ಮಲ್ಲಿ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಕೊರತೆಯೋ ಕಳ್ಳತನವೋ ಅನ್ನುವುದನ್ನು ಹೇಳುವುದು ದಾಸ್ತಾನು ಪುಸ್ತಕ. ಎಷ್ಟು ಕೇಜಿ ಬಂತು, ಯಾವತ್ತು ಬಂತು, ದಿನಕ್ಕೆ ಎಷ್ಟು ಖರ್ಚಾಯಿತು, ಆ ದಿನ ಹಾಜರಿ ಎಷ್ಟು. ಹಾಜರಿಯನ್ನು 18ರಿಂದ ಗುಣಿಸಿ. ಪುಸ್ತಕದಲ್ಲಿ 1,656 ಗ್ರಾಂ ಖರ್ಚು ಅಂತ ಬರೆದು ಪಾತ್ರೆಗೆ ಒಂದು ಕೇಜಿ ಹಾಕಿದ್ದರೆ ಅದು ಬೇರೆಯೇ ವಿಷಯ. ಒಂದು ಕೇಜಿ ಅಂತಲೇ ಬರೆದಿದ್ದರೆ ಅದು ಕೊರತೆ, ಸಾಮಾನು ತರಿಸಬೇಕಾದ ಜವಾಬ್ದಾರಿ ಮೇಲಿನದು. ನೀವು ಎಸ್‌ಡಿಎಂಸಿ ಸದಸ್ಯೆ. ಊಟದ ಉಸ್ತುವಾರಿ ಶಾಲಾ ಸಮಿತಿಯದು ಅಂತ 2015ರ ಮಧ್ಯಾಹ್ನದ ಊಟದ ನಿಯಮಗಳಲ್ಲೇ ಇದೆ. ಆ ಪುಸ್ತಕ ನೋಡಲು ನೀವು ಯಾರ ಹತ್ತಿರವೂ ಅಂಗಲಾಚಬೇಕಾಗಿಲ್ಲ.

ಆ 2015ರ ನಿಯಮಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಆ ವರ್ಷ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಹೊರಡಿಸಿದ್ದು. ಅದಕ್ಕೆ ಎರಡು ವರ್ಷ ಮುಂಚೆ, 2013ರ ಜುಲೈನಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಸೇರಿತ್ತು. ಇವತ್ತು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಅನ್ನುವ ಮಾರ್ಗಸೂಚಿಯನ್ನು ಯಾರಾದರೂ ಕಾಟಾಚಾರ ಅಂದರೆ ನನಗೆ ಆ 23 ಮಕ್ಕಳೇ ನೆನಪಾಗುತ್ತಾರೆ. ಹಾಲಿಗೂ ಅದೇ ಎಚ್ಚರ ಬೇಕು. ಪೋಷಕರೂ ರುಚಿ ನೋಡಬಹುದು. ನೀವು ಹೋದ ದಿನ ಒಂದು ಲೋಟ ಕೇಳಿ ಕುಡಿಯಿರಿ.

ನಿಯಮಗಳು ಹೇಳುವ ಮುಖ್ಯ ವಿಷಯ ಇನ್ನೂ ಇದೆ. ಯಾವುದೇ ಕಾರಣಕ್ಕೆ ಊಟ ಕೊಡಲು ಆಗದಿದ್ದರೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಸೇರಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಯಾರ ಹೊಣೆ ಅಂತ ರಾಜ್ಯ ಸರ್ಕಾರ ಗೊತ್ತುಮಾಡಬೇಕು. ದುಡ್ಡು ಬರುವುದು ತಡವಾದರೆ ಹೆಡ್‌ಮಾಸ್ಟರು ಶಾಲೆಯ ಬೇರೆ ಹಣ ಬಳಸಿ ಊಟ ನಡೆಸಬಹುದು, ಆಮೇಲೆ ಅದನ್ನು ತುಂಬಿಕೊಡುತ್ತಾರೆ. ಪ್ರಯೋಗಾಲಯದವರು ಆಯ್ದ ಶಾಲೆಗಳಿಂದ ತಿಂಗಳಿಗೊಮ್ಮೆ ಮಾದರಿ ತೆಗೆದು ಪರೀಕ್ಷೆ ಮಾಡಬೇಕು.

ನಿಮ್ಮ ಎಂಟು ದಿನಕ್ಕೆ ಈ ಭತ್ಯೆ ಸಿಗುತ್ತದಾ? ನನಗೆ ಸುಳ್ಳು ಭರವಸೆ ಕೊಡಲು ಇಷ್ಟವಿಲ್ಲ. ನಿಯಮ ಮಾತಾಡುವುದು ಊಟದ ಬಗ್ಗೆ, ಧಾನ್ಯ ಮತ್ತು ಅಡುಗೆ ವೆಚ್ಚದ ಬಗ್ಗೆ. ಊಟ ಹಾಕಿ ಹಾಲು ಮಾತ್ರ ತಪ್ಪಿಸಿದ ದಿನಕ್ಕೆ ಅದನ್ನು ಎಳೆದು ಕೂರಿಸುವುದು ಕಷ್ಟ. ಹಾಲು ಆದೇಶದಲ್ಲಿದೆ, ಕಾಯ್ದೆಯ ಅಳತೆಯಲ್ಲಿ ಇಲ್ಲ ಅಂದೆನಲ್ಲ, ಅದರ ನಿಜವಾದ ನಷ್ಟ ಇಲ್ಲಿ ಕಾಣುತ್ತದೆ. ಊಟ ತಪ್ಪಿದರೆ ಕೇಳಲು ಭತ್ಯೆ ಇದೆ, ಹಾಲು ತಪ್ಪಿದರೆ ಕೇಳಲು ದೂರು ಮಾತ್ರ ಇದೆ. ಇದು ಬದಲಾಗಬೇಕು ಅಂತ ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ನಡೆದ ಯೋಜನೆಗೆ, ತಪ್ಪಿದ ದಿನಕ್ಕೆ ಇಷ್ಟು ಅಂತ ಒಂದು ಸಾಲು ರಾಜ್ಯ ಸರ್ಕಾರದ ಆದೇಶದಲ್ಲಿ ಸೇರಿಸುವುದು ದೊಡ್ಡ ಕೆಲಸವೇನಲ್ಲ.

ಇನ್ನೊಂದನ್ನು ನೆನಪಿಡಿ. ಹಾಲು ಊಟಕ್ಕೆ ಬದಲಿ ಅಲ್ಲ. ಬಿಸಿಯೂಟಕ್ಕೆ ಚಿಕ್ಕ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರನೇ ತರಗತಿಯಿಂದ ಮೇಲಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. "ಬೆಳಿಗ್ಗೆ ಹಾಲು ಕೊಟ್ಟಿದ್ದೀವಲ್ಲ" ಅಂತ ಬೇಳೆ ಕಡಿಮೆ ಮಾಡುವಂತಿಲ್ಲ.

ಯಾರ ಹತ್ತಿರ ಹೋಗಬೇಕು? ಮೊದಲು ಹೆಡ್‌ಮಾಸ್ಟರ ಹತ್ತಿರವೇ. ದೂರು ಅಂತ ಬೇಡ, ಎಸ್‌ಡಿಎಂಸಿ ಸಭೆಯ ವಿಷಯ ಅಂತ ಇಡಿಸಿ. ಹಾಜರಿ, ಪುಡಿ, ಹಾಲಿನ ಲೀಟರ್ ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ. ನಡಾವಳಿಯಲ್ಲಿ ಇಲ್ಲದ ಮಾತು ಮುಂದೆ ಎಲ್ಲೂ ನಿಲ್ಲುವುದಿಲ್ಲ. ಪುಡಿ ಬಂದಿಲ್ಲ ಅನ್ನುವುದೇ ಕಾರಣವಾದರೆ ಹೆಡ್‌ಮಾಸ್ಟರೂ ನೀವೂ ಸೇರಿ ತಾಲ್ಲೂಕಿನ ಅಕ್ಷರ ದಾಸೋಹದ (ನಮ್ಮ ರಾಜ್ಯದ ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರಿಗೆ ಬರೆಯಿರಿ. ಅಲ್ಲಿ ಕೆಲಸ ಆಗದಿದ್ದರೆ ಜಿಲ್ಲಾ ಪಂಚಾಯತಿಯಲ್ಲಿ ಅಕ್ಷರ ದಾಸೋಹ ನೋಡಿಕೊಳ್ಳುವ ಶಿಕ್ಷಣಾಧಿಕಾರಿ ಇದ್ದಾರೆ, ಅವರ ಮೇಲೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಇದ್ದಾರೆ. ಆಹಾರ ಭದ್ರತಾ ಕಾಯ್ದೆ ಪ್ರತಿ ಜಿಲ್ಲೆಗೂ ಕುಂದುಕೊರತೆ ನಿವಾರಣಾಧಿಕಾರಿ, ರಾಜ್ಯಕ್ಕೆ ಆಹಾರ ಆಯೋಗ ಇರಬೇಕು ಅನ್ನುತ್ತದೆ. ಹಾಲಿನ ಜತೆ ಊಟದಲ್ಲೂ ಕೊರತೆ ಕಂಡಿದ್ದರೆ ಅದನ್ನೂ ಬರೆಯಲು ಮರೆಯಬೇಡಿ. ಊಟದ ವಿಷಯದಲ್ಲಿ ಆಯೋಗದ ಕೈ ಗಟ್ಟಿ.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಿಮ್ಮ ಶಾಲೆಗೆ ಈ ವರ್ಷ ಎಷ್ಟು ಕೇಜಿ ಪುಡಿ ಮಂಜೂರಾಗಿದೆ, ಎಷ್ಟು ಕಳಿಸಿದ್ದಾರೆ, ಯಾವ ದಿನಾಂಕದಲ್ಲಿ ಅಂತ ಮೂರೇ ಪ್ರಶ್ನೆ ಕೇಳಿ. ಉದ್ದ ಬರೆಯಬೇಡಿ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಆ ಕಾಯ್ದೆಯಲ್ಲಿ ಕಾಗದ ಕೇಳುವುದಷ್ಟೇ ಅಲ್ಲ, ಸರ್ಕಾರಿ ವಸ್ತುವಿನ ದೃಢೀಕರಿಸಿದ ಮಾದರಿ ತೆಗೆದುಕೊಳ್ಳುವುದೂ ಮಾಹಿತಿಯ ಹಕ್ಕಿನಲ್ಲೇ ಸೇರಿದೆ. ಪುಡಿಯ ಗುಣಮಟ್ಟದ ಮೇಲೇ ಅನುಮಾನ ಬಂದರೆ ಆ ದಾರಿ ಇದೆ. ಗಂಟು ಕಟ್ಟಿದೆ, ಹಳಸಿದ ವಾಸನೆ ಬರುತ್ತಿದೆ, ಪ್ಯಾಕೆಟ್ ಮೇಲಿನ ದಿನಾಂಕ ಮೀರಿದೆ ಅನ್ನಿಸಿದರೆ ಅವತ್ತು ಹಾಲು ಮಾಡಿಸಬೇಡಿ. ಪ್ಯಾಕೆಟ್ ಎತ್ತಿಡಿಸಿ, ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ.

ಅಡುಗೆಯವರ ಹತ್ತಿರವೂ ಒಂದು ನಿಮಿಷ ಮಾತಾಡಿ. ಅವರಿಗೆ ಸಂಬಳ ಕಡಿಮೆ, ಕೆಲಸ ಜಾಸ್ತಿ. ಎಷ್ಟೋ ಕಡೆ ಅಳತೆಯ ಪಾತ್ರೆಯನ್ನೇ ಕೊಟ್ಟಿರುವುದಿಲ್ಲ, ಕಣ್ಣಳತೆಯಲ್ಲೇ ನಡೆಯುತ್ತದೆ. ಪುಡಿಯನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಗಂಟಾಗಿ ತಳ ಹಿಡಿಯುತ್ತದೆ, ಅರ್ಧ ಪುಡಿ ಪಾತ್ರೆ ತಳದಲ್ಲೇ ಉಳಿಯುತ್ತದೆ. ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಕುದಿಯುವ ನೀರಿಗೆ ಸೇರಿಸಿ ಇನ್ನೊಮ್ಮೆ ಕಾಯಿಸಬೇಕು. ಮಾಡಿದ ಹಾಲನ್ನು ಬಿಸಿಯಿರುವಾಗಲೇ ಕೊಟ್ಟು ಮುಗಿಸಬೇಕು. ಬೆಳಿಗ್ಗೆ ಉಳಿದದ್ದನ್ನು ಮುಚ್ಚಿಟ್ಟು ಮಧ್ಯಾಹ್ನ ಕೊಡುವುದು ಬೇಡವೇ ಬೇಡ. ಪುಡಿ ಒಣಗಿರುವಾಗ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರು ಬಿದ್ದ ಕ್ಷಣದಿಂದ ಅದು ಮಾಮೂಲಿ ಹಾಲೇ, ನಮ್ಮ ಸೆಕೆಯಲ್ಲಿ ಬೇಗ ಕೆಡುತ್ತದೆ. ಒಂದು ಚಿಕ್ಕ ತಕ್ಕಡಿ, ಲೀಟರ್ ಗುರುತಿನ ಒಂದು ಪಾತ್ರೆ. ಊರಿನಲ್ಲಿ ಯಾರಾದರೂ ದಾನಿಗಳಿಗೆ ಹೇಳಿದರೆ ಇಷ್ಟು ಸಿಕ್ಕೇ ಸಿಗುತ್ತದೆ.

ಈಗ ನಿಮ್ಮ ಮಗಳ ವಿಷಯ. ಇದನ್ನು ಕೊನೆಗೆ ಇಟ್ಟಿದ್ದು ಚಿಕ್ಕದು ಅಂತಲ್ಲ ತಾಯಿ.

ಹಾಲು ಕುಡಿಯಲೇಬೇಕು ಅಂತ ಮಗುವನ್ನು ಒತ್ತಾಯಿಸುವ ಅಧಿಕಾರ ಯಾವ ಕಾನೂನಿನಲ್ಲೂ, ಯಾರಿಗೂ ಇಲ್ಲ. 2015ರ ನಿಯಮದಲ್ಲೇ, ಮಗು ತಾನಾಗಿ ಊಟ ಬೇಡ ಅಂದರೆ ಭತ್ಯೆ ಕೇಳುವಂತಿಲ್ಲ ಅಂತ ಬರೆದಿದೆ. ಅಂದರೆ ಬೇಡ ಅನ್ನುವುದಕ್ಕೆ ಮಗುವಿಗೆ ಜಾಗ ಇದೆ ಅಂತಲೇ ಅರ್ಥ. ಹಾಲು, ಊಟ ಎಲ್ಲ ಮಗುವಿನ ಹಕ್ಕು. ಹಕ್ಕನ್ನು ಗದರಿಸಿ ಕುಡಿಸಲು ಆಗುವುದಿಲ್ಲ.

ಹೊಟ್ಟೆನೋವಿಗೆ ಬಹುಶಃ ಕಾರಣ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ. ಅದನ್ನು ಅರಗಿಸುವ ಶಕ್ತಿ ಕೆಲವು ಮಕ್ಕಳಲ್ಲಿ ಬೆಳೆಯುತ್ತಾ ಕಡಿಮೆಯಾಗುತ್ತದೆ. ನಮ್ಮ ಜನರಲ್ಲಿ ಇದು ಅಪರೂಪವೇನಲ್ಲ. ಹೊಟ್ಟೆ ಉಬ್ಬರ, ನೋವು, ಭೇದಿ ಬರುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಜಾಸ್ತಿ. ಅವಳು ಮನೆಯಿಂದ ತಿಂಡಿ ತಿಂದು ಹೋಗುತ್ತಾಳಾ ನೋಡಿ. ತಿಂದು ಹೋದ ದಿನ ಅರ್ಧ ಲೋಟ ಕುಡಿದು ನೋಡಲಿ. ಆಗಲೂ ನೋವು ಬಂದರೆ ಬಿಟ್ಟುಬಿಡಿ. ಮನೆಯಲ್ಲಿ ಮೊಸರು, ಮಜ್ಜಿಗೆ ಕೊಡಿ. ಹುದುಗಿದಾಗ ಲ್ಯಾಕ್ಟೋಸ್ ಸ್ವಲ್ಪ ಕರಗುತ್ತದೆ, ಹಾಗಾಗಿ ಹಾಲು ಒಗ್ಗದ ಎಷ್ಟೋ ಮಕ್ಕಳಿಗೆ ಮೊಸರು ಒಗ್ಗುತ್ತದೆ. ರಾಗಿಯಲ್ಲೂ ಕ್ಯಾಲ್ಸಿಯಂ ಚೆನ್ನಾಗಿದೆ, ರೊಟ್ಟಿಯೋ ಅಂಬಲಿಯೋ ಮಾಡಿ ಕೊಡಬಹುದು. ಆದರೆ ಹಾಲು ಕುಡಿದ ಕೂಡಲೇ ಮೈಯಲ್ಲಿ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಆಗಿದ್ದರೆ ಅದು ಬೇರೆ ವಿಷಯ. ಅದು ಹಾಲಿನ ಪ್ರೊಟೀನಿಗೆ ಆಗುವ ಅಲರ್ಜಿ. ಅರ್ಧ ಲೋಟ, ಮೊಸರು ಅಂತೆಲ್ಲ ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ. ತಕ್ಷಣ ಡಾಕ್ಟರಿಗೆ ತೋರಿಸಿ.

ಎರಡರಲ್ಲಿ ಯಾವುದೇ ಆದರೂ ಶಾಲೆಗೆ ಒಂದು ಚೀಟಿ ಬರೆದುಕೊಡಿ. ಅಮೆರಿಕದಲ್ಲಿ ಇಂಥ ತೊಂದರೆ ಇರುವ ಮಗುವಿನ ಬಗ್ಗೆ ಬರೆದುಕೊಟ್ಟರೆ ಶಾಲೆ ಹಾಲಿಗೆ ಬದಲಿ ಕೊಡಬೇಕು. ನಮ್ಮಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಇದೆ. ಹಾಲು ಒಗ್ಗದ ಮಗುವಿಗೂ ಹಾಗೊಂದು ಏರ್ಪಾಡು ಬೇಕು ಅಂತ ನಿಮ್ಮ ಸಭೆಯಲ್ಲೇ ಒಂದು ಮಾತು ಎತ್ತಿ, ನಡಾವಳಿಯಲ್ಲಿ ಬರೆಸಿ ಮೇಲಕ್ಕೆ ಕಳಿಸಿ. ಚೀಟಿ ಹೀಗಿದ್ದರೆ ಸಾಕು: "ನನ್ನ ಮಗಳಿಗೆ ಹಾಲು ಕುಡಿದರೆ ಹೊಟ್ಟೆನೋವು ಬರುತ್ತದೆ. ಅವಳಿಗೆ ಹಾಲು, ಹಾಲು ಬೆರೆಸಿದ ರಾಗಿ ಮಾಲ್ಟ್ ಕೊಡಬೇಡಿ." ಎರಡು ಪ್ರತಿ ಮಾಡಿ. ಒಂದಕ್ಕೆ ಹೆಡ್‌ಮಾಸ್ಟರ ಸಹಿ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಇನ್ನೊಂದನ್ನು ಅಡುಗೆಯವರಿಗೆ ನೀವೇ ಓದಿ ಹೇಳಿ, ಲೋಟ ತುಂಬಿಸುವವರು ಅವರೇ.